ಹನ್ನೊಂದು ಕೋಟು ಬಂದವು, ಮೆಷಿನ್ ಬರಲಿಲ್ಲ

ಕಾನೂನು ಕಾಲೇಜಿನ ಪ್ರಾಂಶುಪಾಲರಾದ ಡಾ. ವಾಗೀಶ ಅವರಿಗೆ,
ಸರಸ್ವತಿಪುರಂ, ಮೈಸೂರು

ಮಾನ್ಯರೇ,

ತಮ್ಮ ಕಾಲೇಜಿನ ಗೇಟಿನ ಪಕ್ಕದ ಹೊಂಗೆ ಮರದ ಕೆಳಗೆ ಹೊಲಿಗೆ ಮೆಷಿನ್ ಇಟ್ಟುಕೊಂಡು ಕೂರುತ್ತಿದ್ದ ಸೋಮಮ್ಮನ ಮಗಳ ಸಾವಿರ ನಮಸ್ಕಾರಗಳು ತಮಗೂ, ತಮ್ಮ ಕಚೇರಿಗೂ, ಕಚೇರಿಯ ಸೀಲಿಗೂ ಸಲ್ಲಲಿ. ಇದನ್ನು ಎದುರಿಗೆ ನಿಂತು ಹೇಳಬೇಕಿತ್ತು. ತಮ್ಮ ಕೋಣೆಯ ಬಾಗಿಲವರೆಗೆ ಮೂರು ಸಲ ಬಂದು ಹಿಂದಿರುಗಿದ್ದೇನೆ. ಬರೆಯುವಾಗ ನನ್ನ ನಾಲಿಗೆ ಒಣಗುವುದಿಲ್ಲ, ಅದಕ್ಕೇ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ಮೊದಲಿಗೆ ಅಭಿನಂದನೆ. ಸಮಾಜದ ಅಂಚಿನಲ್ಲಿರುವವರ ಕಣ್ಣಿನಿಂದ ಕಾನೂನನ್ನು ನೋಡಲು ಕಲಿಸುವ ಹೊಸ ವಿಷಯವೊಂದನ್ನು ತಾವು ಈ ವರ್ಷ ಆರಂಭಿಸಿದ್ದೀರಿ. ನಮ್ಮಂಥವರ ಬಗ್ಗೆ ನಲವತ್ತೆಂಟು ಗಂಟೆ ಪಾಠ ಮಾಡಬಹುದೆಂದು ನಮಗೇ ಗೊತ್ತಿರಲಿಲ್ಲ. ನಮ್ಮ ಬಗ್ಗೆ ನಾವು ಐದು ನಿಮಿಷ ಮಾತಾಡಿದರೆ ಸಾಕು, ಮನೆಯಲ್ಲಿ ಎಲ್ಲರೂ ಎದ್ದು ಹೋಗುತ್ತಾರೆ.

ಅಮ್ಮನಿಗೂ ತಮ್ಮ ಕಾಲೇಜಿಗೂ ಹದಿನಾರು ವರ್ಷದ ನಂಟು. ಹಿರಿಯ ವಿದ್ಯಾರ್ಥಿಗಳ ಕಪ್ಪು ಕೋಟು ಕಿರಿಯರಿಗೆ ದಾಟುವುದು ತಮ್ಮಲ್ಲಿನ ವಾಡಿಕೆಯಲ್ಲವೇ? ದಾಟುವಾಗಲೆಲ್ಲ ಅದು ಅಮ್ಮನ ಕೈಗೆ ಬರುತ್ತದೆ. ಎಷ್ಟು ಕಿರಿದು ಮಾಡಿದರೂ ಅಮ್ಮ ಒಳಗಡೆ ಬಟ್ಟೆ ಕತ್ತರಿಸುವುದಿಲ್ಲ, ಮಡಿಸಿಯೇ ಹೊಲಿಯುತ್ತಾಳೆ. ಮುಂದೆ ಬರುವ ಮಗು ಮೈ ತುಂಬಿಕೊಂಡಿದ್ದರೆ ಬೇಕಾಗುತ್ತದೆಂಬ ಯೋಚನೆ ಅವಳದು.

ಹೊಸ ವಿಷಯದ ಉದ್ಘಾಟನೆಗೆ ಅಮ್ಮನೇ ಮಾತಾಡಬೇಕೆಂದು ತಮ್ಮ ವಿದ್ಯಾರ್ಥಿಗಳಾದ ಮೈತ್ರೇಯಿ ಮತ್ತು ಸಿದ್ದೇಶ್ ಆಹ್ವಾನ ಪತ್ರ ತಂದುಕೊಟ್ಟರು. 'ಶ್ರೀಮತಿ ಸೋಮಮ್ಮನವರು, ಬೀದಿ ಬದಿಯ ಹೊಲಿಗೆಗಾರರು, ಬೆಳಿಗ್ಗೆ ಹನ್ನೊಂದಕ್ಕೆ.' ಕೆಳಗೆ ತಮ್ಮ ಸಹಿ, ಸೀಲು. ಅಮ್ಮ ಒಂದು ವಾರ ಮೆಷಿನ್ ತುಳಿಯುತ್ತಲೇ ಭಾಷಣ ಕಲಿತಳು. ಇದ್ದದ್ದು ಒಂದೇ ಮಾತು. ಬೀದಿ ವ್ಯಾಪಾರಿಯೆಂದು ಅವಳಿಗೊಂದು ಗುರುತಿನ ಚೀಟಿ ಕೊಟ್ಟಿದ್ದಾರೆ, ಅದನ್ನು ಎತ್ತಿ ಹಿಡಿದು ಕೇಳಬೇಕೆಂದಿದ್ದಳು: "ಇದನ್ನ ಯಾರಿಗೆ ತೋರಿಸಿದ್ರೆ ಎಬ್ಬಿಸಾಕಿಲ್ಲ ಅಂತ ಹೇಳ್ಕೊಟ್ಬುಡಿ ಮಕ್ಳಾ, ಅಷ್ಟೇ ಸಾಕು."

ಆ ದಿನ ಬೆಳಿಗ್ಗೆ ಎಂಟಕ್ಕೆ ನಗರಪಾಲಿಕೆಯ ರಸ್ತೆ ತೆರವಿನ ಗಾಡಿ ಬಂತು. ಉದ್ಘಾಟನೆಗೆ ಬರುವ ಗಣ್ಯರ ಕಾರಿಗಾಗಿ ಗೇಟಿನ ಬಳಿಯ ಅಡಚಣೆ ತೆಗೆಯಬೇಕೆಂದು ಕಾಗದ ಹೋಗಿತ್ತಂತೆ, ಅದರಲ್ಲೂ ತಮ್ಮ ಸಹಿ, ಸೀಲು. ಅಮ್ಮ ಮೊದಲು ಗುರುತಿನ ಚೀಟಿ ತೋರಿಸಿದಳು, ಆಮೇಲೆ ಆಹ್ವಾನ ಪತ್ರ ತೋರಿಸಿದಳು. ಡ್ರೈವರ್ ಅಶೋಕಣ್ಣ ಪಾಪ ಒಳ್ಳೆಯವರು, ಆಹ್ವಾನ ಪತ್ರವನ್ನೂ ಗಾಡಿಯಲ್ಲಿದ್ದ ತೆರವಿನ ಕಾಗದವನ್ನೂ ಪಕ್ಕಪಕ್ಕ ಹಿಡಿದು ಓದಿದರು. "ಅಲ್ಲ ಕಣಮ್ಮ, ಇದ್ರಲ್ಲೂ ಅದೇ ಸೀಲು, ಅದ್ರಲ್ಲೂ ಅದೇ ಸೀಲು. ಅಂಗಾದ್ರೆ ನಾನ್ಯಾವುದನ್ನ ನಂಬ್ಲಿ? ನಮ್ ಗಾಡಿಗೆ ಬಂದಿರೋದು ಇದು" ಎಂದು ಮೆಷಿನ್ನನ್ನು ಎತ್ತಿಸಿದರು, ಜೊತೆಗೆ ಬಟ್ಟೆಯ ಟ್ರಂಕನ್ನೂ. ವೇದಿಕೆಗೆಂದು ಉಟ್ಟ ಸೀರೆಯಲ್ಲೇ ಅಮ್ಮ ಗಾಡಿಯ ಹಿಂದೆ ಬನ್ನಿಮಂಟಪದ ಕಡೆಯ ಗೋದಾಮಿಗೆ ಹೋದಳು. ವಿಷಯ ತಿಳಿಸಲು ನನ್ನನ್ನು ಸಭಾಂಗಣಕ್ಕೆ ಕಳಿಸಿದಳು.

ಅಮ್ಮನ ಹೆಸರು ಬರೆದ ಖಾಲಿ ಕುರ್ಚಿಯನ್ನು ನಾನು ಕೊನೆಯ ಸಾಲಿನಿಂದ ನೋಡಿದೆ. ಅವಳ ಹೆಸರನ್ನು ಎರಡು ಸಲ ಕರೆದರು. ಆಗ ಉಪನ್ಯಾಸಕರಾದ ಯೋಗೇಂದ್ರ ಸರ್ ಎದ್ದು, ಇಂಥವರು ಕರೆದರೂ ಮುಂದೆ ಬರುವುದಿಲ್ಲ, ಇದೇ ನಮ್ಮ ಮುಂದಿರುವ ದೊಡ್ಡ ಸವಾಲು ಎಂದು ಮರುಗಿ, ಅಮ್ಮನ ಪರವಾಗಿ ಇಪ್ಪತ್ತು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿದರು. ಹೇಳಿಬಿಡೋಣವೆಂದು ನಾನು ಅರ್ಧ ಎದ್ದೆ. ಹೊರಗೆ ಹೋಗುತ್ತಾಳೆಂದುಕೊಂಡು ಪಕ್ಕದವರು ಕಾಲು ಸರಿಸಿ ದಾರಿ ಬಿಟ್ಟರು. ಅವರ ಮರ್ಯಾದೆಗೆ ನಾನು ಹೊರಗೇ ಬಂದುಬಿಟ್ಟೆ.

ಮಾನ್ಯರೇ, ಇಲ್ಲಿಂದ ಮುಂದೆ ತಮ್ಮ ಕಾರ್ಯದಕ್ಷತೆಯನ್ನು ಎಷ್ಟು ಹೊಗಳಿದರೂ ಕಡಿಮೆ. ಬರುವ ಶನಿವಾರ ತಮ್ಮಲ್ಲಿ ಅಣಕು ನ್ಯಾಯಾಲಯ. ವಾದಕ್ಕೆ ಕೊಟ್ಟಿರುವುದು ಬೀದಿ ವ್ಯಾಪಾರಿಯೊಬ್ಬಳನ್ನು ಎಬ್ಬಿಸಿದ ಪ್ರಕರಣ, ನ್ಯಾಯಾಧೀಶರ ಪೀಠದಲ್ಲಿ ತಾವೇ. ಆದರೆ ವಾದಿ, ಪ್ರತಿವಾದಿ ಕಡೆಯ ವಕೀಲರು, ನ್ಯಾಯಾಧೀಶರು ಎಲ್ಲರ ಕೋಟುಗಳೂ ಅಮ್ಮನ ಟ್ರಂಕಿನೊಳಗೆ ಗೋದಾಮಿನಲ್ಲಿದ್ದವು. ಇದು ತಿಳಿದದ್ದೇ ತಡ, ಅದೇ ಮಧ್ಯಾಹ್ನ ತಮ್ಮ ಕಾಗದ ಹೊರಟಿತು, ಸಂಜೆಯೊಳಗೆ ಕೋಟುಗಳು ಕಾಲೇಜು ಸೇರಿದವು. ಕಾಗದದಲ್ಲಿ 'ಕಪ್ಪು ಕೋಟುಗಳು, ಹನ್ನೊಂದು' ಎಂದಿತ್ತು. ಮೆಷಿನ್ನಿನ ಹೆಸರಿರಲಿಲ್ಲ. ಎತ್ತಿಸಿದ ಕಚೇರಿಯೇ ಬಿಡಿಸಲು ಬರೆಯಬೇಕೆಂದು ಗೋದಾಮಿನ ಗುಮಾಸ್ತರು ಅಮ್ಮನಿಗೆ ಹೇಳಿ ಕಳಿಸಿದರು. ಮೂರು ಸಲ ನಾನು ತಮ್ಮ ಬಾಗಿಲವರೆಗೆ ಬಂದದ್ದು ಅದಕ್ಕೇ.

ಆದ್ದರಿಂದ ತಮ್ಮ ಮುಂದಿನ ಕಾಗದದಲ್ಲಿ 'ಹೊಲಿಗೆ ಮೆಷಿನ್, ಒಂದು' ಎಂಬ ಸಾಲನ್ನು ಸೇರಿಸಿ, ಗೇಟಿನ ಪಕ್ಕ ಅದನ್ನು ಇಡಲು ಅಡ್ಡಿಯಿಲ್ಲವೆಂದು ಬರೆಯಬೇಕಾಗಿ ಪ್ರಾರ್ಥನೆ. ಅಷ್ಟು ಉದ್ದ ಬರೆಯಲು ಬಿಡುವಿಲ್ಲದಿದ್ದರೆ ಆ ಹೊಂಗೆ ಮರವನ್ನೇ ತರಗತಿ ಎಂದು ಘೋಷಿಸಿಬಿಡಿ. ನಲವತ್ತೆಂಟರಲ್ಲಿ ಒಂದು ಗಂಟೆ ಅಲ್ಲಿ ನಡೆಯಲಿ, ಹಾಜರಿಯನ್ನು ಅಮ್ಮ ತೆಗೆದುಕೊಳ್ಳುತ್ತಾಳೆ. ಎಲ್ಲರ ಸೊಂಟದ ಅಳತೆಯೂ ಅವಳಿಗೆ ಬಾಯಿಪಾಠವಾದ್ದರಿಂದ ಒಬ್ಬರ ಹಾಜರಿಯನ್ನು ಇನ್ನೊಬ್ಬರು ಕೂಗಲಾಗದು. ಪರೀಕ್ಷೆಗೆ ನನ್ನದೂ ಒಂದು ಪ್ರಶ್ನೆ ಇರಲಿ: 'ಒಂದೇ ಸೀಲಿನ ಎರಡು ಕಾಗದಗಳಲ್ಲಿ ಕರೆಯುವ ಕಾಗದಕ್ಕಿಂತ ಕಳಿಸುವ ಕಾಗದ ಮೂರು ಗಂಟೆ ಮೊದಲೇ ಜಾರಿಗೆ ಬರುವುದೇಕೆ? ಹತ್ತು ಅಂಕ.' ಉತ್ತರ ನನಗೂ ಗೊತ್ತಿಲ್ಲ. ಯೋಗೇಂದ್ರ ಸರ್ ನಮ್ಮ ಪರವಾಗಿ ಬರೆದುಕೊಟ್ಟಾರು.

ಅಡಚಣೆಗಾಗಿ ಕ್ಷಮೆ ಕೋರುವ, ತಮ್ಮ ವಿಶ್ವಾಸಿ,
ಧರಣಿ

ಮರೆತ ಮಾತು: ಕೋಟುಗಳು ಅರ್ಧ ಕೆಲಸದಲ್ಲೇ ಹೋಗಿವೆ. ಸಿದ್ದೇಶ್ ಕೋಟಿನ ಎಡತೋಳಿಗೆ ಇನ್ನೂ ಬರೀ ಕಚ್ಚಾ ಹೊಲಿಗೆ, ಕೈ ಎತ್ತದೆ ವಾದ ಮಾಡಲು ಹೇಳಿ. ತಮ್ಮದನ್ನು ಸೊಂಟದಲ್ಲಿ ಎರಡು ಬೆರಳು ಸಡಿಲಿಸಲು ಅಮ್ಮ ಏಳು ಗುಂಡುಸೂಜಿ ಚುಚ್ಚಿಟ್ಟಿದ್ದಾಳೆ, ಎಲ್ಲೆಲ್ಲಿ ಎಂಬುದು ಅವಳ ಕೈಗೆ ಮಾತ್ರ ಗೊತ್ತು. "ಚುಚ್ಬುಡ್ತದೆ ಕಣಮ್ಮ, ಮೇಷ್ಟ್ರಿಗೆ ಮೊದ್ಲು ಅದನ್ನ ಬರಿ" ಎಂದಿದ್ದಳು, ನಾನು ಕೊನೆಗೆ ಬರೆದೆ. ಶನಿವಾರ ಬೀದಿ ವ್ಯಾಪಾರಿಯ ಮಾತು ಕೇಳಿಸಿಕೊಳ್ಳಲು ತಾವು ಸ್ವಲ್ಪ ಮುಂದಕ್ಕೆ ಬಾಗಿದರೂ ಚುಚ್ಚುತ್ತವೆ. ಏನನ್ನೂ ಕೇಳಿಸಿಕೊಳ್ಳದೆ ನೆಟ್ಟಗೆ ಕುಳಿತರೆ ತೊಂದರೆಯಿಲ್ಲ.