ಸಾಯಲಾರೆ ಎಂದು ಹಠ ಹಿಡಿದವನ ಪಾರ್ಟುಗಳು

ಕಲಾವಿದನ ಬದುಕಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ನಡೆಯದಿದ್ದ ವಾರ ನಾನೇ ಮುಂದೆ ನಿಂತು ನಡೆಸುತ್ತೇನೆ. ಕೆಳಗೆ ಬರೆದದ್ದರಲ್ಲಿ ಮುಕ್ಕಾಲು ಪಾಲು ಖರೆ. ಉಳಿದ ಕಾಲು ಪಾಲು ಅದಕ್ಕಿಂತ ಖರೆ.

ಇಪ್ಪತ್ತೈದು ವರ್ಷದಿಂದ ಮುಖಕ್ಕೆ ಬಣ್ಣ ಹಚ್ಚುತ್ತಿದ್ದೇನೆ. ಮೊದಲು ಚಿಕ್ಕೋಡಿ, ರಾಯಬಾಗ ಕಡೆಯ ನಾಟಕ, ಆಮೇಲೆ ಧಾರಾವಾಹಿ, ಸಿನಿಮಾ. ನಾಯಕಿಯ ಅಪ್ಪ, ಹೀರೋನ ಕಾಕಾ, ಊರ ಗೌಡ, ಎಲ್ಲ ಆಗಿದ್ದೇನೆ. ಆದರೆ ಯಾವ ಪಾರ್ಟು ಕೊಟ್ಟರೂ ಇಂಟರ್ವಲ್ ಒಳಗೆ ನನ್ನನ್ನು ಮುಗಿಸಿಬಿಡುತ್ತಾರೆ. ಒಬ್ಬ ಡೈರೆಕ್ಟರು ಬಾಯಿಬಿಟ್ಟು ಹೇಳಿದ: "ನಿಮ್ಮ ಮಾರೀನ ಹಂಗೈತ್ರಿ. ನೋಡಿದ ಕೂಡ್ಲೆ ಮಂದಿಗೆ 'ಪಾಪ, ಹ್ವಾದ' ಅನಸ್ತೈತಿ."

ಇದರಿಂದ ಹೆಚ್ಚು ನೊಂದವಳು ನನ್ನ ಹೆಂಡತಿ. ನಾನು ಸತ್ತ ಕೂಡಲೇ ಆಕೆ ಥೇಟರಿನಿಂದ ಎದ್ದು ಹೊರಡುತ್ತಾಳೆ. "ಇನ್ನೂ ಅರ್ಧ ಪಿಕ್ಚರ್ ಐತಲ್ಲ" ಅಂದರೆ, "ನೀವ ಸತ್ತಮ್ಯಾಲ ಆ ಹೀರೋನ ಲಗ್ನಾ ಆದ್ರೆಷ್ಟು ಬಿಟ್ರೆಷ್ಟು?" ಅನ್ನುತ್ತಾಳೆ. ನಾನು ಮಾಡಿದ ಒಂದು ಪಿಕ್ಚರಿನ ಕೊನೆಯೂ ಆಕೆಗೆ ಗೊತ್ತಿಲ್ಲ. ಅದಕ್ಕೇ ಯಡೂರಿನ ವೀರಭದ್ರನ ಮುಂದೆ ಕಾಯಿ ಒಡೆದು ಹಠ ತೊಟ್ಟೆ: ಒಂದಾದರೂ ಪಿಕ್ಚರಿನಲ್ಲಿ ಕಡೀತನಕ ಬದುಕಬೇಕು, ಆಕೆ ಕಡೀತನಕ ಕೂಡಬೇಕು.

ಸತ್ತವನಿಗೆ ಟಾವೆಲ್

ಹಠದ ತಾಲೀಮು ಸತ್ತಿ ಊರಿನ ನಾಟಕದಿಂದ ಶುರುವಾಯಿತು. ನಮ್ಮ ಕಡೆ ಪಾರ್ಟು ಮೆಚ್ಚಿದರೆ ನಾಟಕ ಮುಗಿಯುವ ತನಕ ಕಾಯುವ ಪದ್ಧತಿ ಇಲ್ಲ. ನಡುವೆಯೇ ಮೈಕಿನಲ್ಲಿ ಹೆಸರು ಕೂಗಿ, ಸ್ಟೇಜಿನ ಮೇಲೇ ಟಾವೆಲ್ಲು, ಕಾಯಿ ಕೊಡುತ್ತಾರೆ.

ಎರಡನೇ ಅಂಕದಲ್ಲಿ ಖಳನಾಯಕ ನನಗೆ ಚಾಕು ಹಾಕಿದ. ನಾನು ಒದ್ದಾಡಿ, ನರಳಿ, ಕಂಬ ತಬ್ಬಿ, ಪ್ರಾಣ ಬಿಟ್ಟೆ. ಮೈಕು ಗರ್‌ ಅಂದಿತು: "ಗೌಡನ ಪಾರ್ಟಿನವ್ರು ಭಾಳ ಚೊಲೊ ಸತ್ತಾರ! ಹಿರ್‍ಯಾರ ಕಡೆಯಿಂದ ಅವರಿಗೆ ಒಂದು ಟಾವೆಲ್ಲ, ಒಂದು ಕಾಯಿ! ದಯಮಾಡಿ ಎದ್ದ ತಗೋಬೇಕು!"

ಹಿರಿಯರ ಮಾತು ಮೀರಬಾರದು. ಹೆಣ ಎದ್ದು ಕೈಮುಗಿದು ಟಾವೆಲ್ ಹೊದ್ದುಕೊಂಡಿತು. ಆಗ ಹೊಳೆಯಿತು: ಹೆಂಗೂ ಎದ್ದೇನಿ, ಮತ್ಯಾಕ ಸಾಯಬೇಕು? ಕುರ್ಚಿ ಎಳೆದು ಕೂತೆ.

ಪರದೆಯ ಹಿಂದಿನಿಂದ ನಾಟಕ ಕಲಿಸಿದ ಮಾಸ್ತರರು ಹಲ್ಲು ಕಡಿದರು: "ಸಾಯಿ ಲೇ! ಮಲಕೊಂಡ ಸಾಯಿ!"

ನಾನು ಅಲ್ಲಾಡಲಿಲ್ಲ. ಮಗಳ ಪಾರ್ಟಿನಾಕೆ ಓಡಿಬಂದು ಎದೆ ಬಡಿದುಕೊಂಡು ಹಾಡಿದಳು, "ಎಲ್ಲಿ ಹ್ವಾದ್ಯೋ ಎಪ್ಪಾ..."

"ಇಲ್ಲೇ ಅದೀನವ್ವಾ" ಅಂದೆ.

ಜನ ಬಿದ್ದು ಬಿದ್ದು ನಕ್ಕರು. ಮಾಸ್ತರರು ಅತ್ತರು. ಮೈಕು ಮತ್ತೆ ಗರ್‌ ಅಂದಿತು: "ಚಾಕು ಹಾಕಿದ ಕಲಾವಿದರಿಗೆ, ಕೆಲಸಾ ಅರ್ಧಾ ಮಾಡಿದ್ದಕ್ಕ, ಅರ್ಧಾ ಕಾಯಿ!"

ಎರಡು ಭಾಷೆ, ಎರಡೂ ಹರಕು

ನಮ್ಮ ನಿಪ್ಪಾಣಿ ಕಡೆ ಹುಟ್ಟಿದವನಿಗೆ ಕನ್ನಡ, ಮರಾಠಿ ಎರಡೂ ತಾಯಿಯ ಹಾಲಿನ ಜೊತೆ ಬರುತ್ತವೆ. ಇದೇ ನನಗೆ ಮುಳುವಾಯಿತು. ಮರಾಠಿಯವರು ನನ್ನನ್ನು ಕರೆಯುವುದು ಹರಕು ಮರಾಠಿಯ ಕನ್ನಡಿಗನ ಪಾರ್ಟಿಗೆ. ಕನ್ನಡದವರು ಕರೆಯುವುದು ಹರಕು ಕನ್ನಡದ ಮರಾಠಿ ಶೇಟನ ಪಾರ್ಟಿಗೆ. ಸರಿಯಾಗಿ ಮಾತಾಡಿದರೆ ಇಬ್ಬರೂ ಬೈಯುತ್ತಾರೆ.

ಒಬ್ಬ ಮರಾಠಿ ಡೈರೆಕ್ಟರನಿಗೆ ಕರಾರು ಹಾಕಿದೆ: "ಬೇಕಾದಷ್ಟ ಹರಕೊಂಡ ಮಾತಾಡ್ತೀನಿ. ಸಾಯಿಸಬಾರದು." ಆತ ಒಪ್ಪಿದ. ನಾನು ಹದಿನೈದು ದಿನ ನಿಪ್ಪಾಣಿ ಪ್ಯಾಟಿಯಲ್ಲಿ ಹರಕು ಮರಾಠಿಯ ಸಾಧನೆ ಮಾಡಿದೆ. ವರ್ಷಗಟ್ಟಲೆ ನನಗೆ ಬದನೆಕಾಯಿ ಮಾರಿದ ಮುದುಕಿ ಕಣ್ಣಲ್ಲಿ ನೀರು ತಂದುಕೊಂಡು ನನ್ನ ಹೆಂಡತಿಯ ಕೈ ಹಿಡಿದಳು: "ಬಾಯೀ, ಕಾಕಾಗ ಲಕ್ವಾ ಹೊಡೀತೇನ?"

"ಲಕ್ವಾ ಅಲ್ಲಬೇ, ಪಾರ್ಟು ಹೊಡದೈತಿ" ಅಂದಳು ಹೆಂಡತಿ.

ಸಾಧನೆ ಜಾಸ್ತಿಯಾಗಿತ್ತು. ಕ್ಯಾಮೆರಾ ಮುಂದೆ ನಾನು ಆಡಿದ್ದು ಮರಾಠಿಯವರಿಗೂ ತಿಳಿಯಲಿಲ್ಲ, ಕನ್ನಡದವರಿಗೂ ತಿಳಿಯಲಿಲ್ಲ. ಡೈರೆಕ್ಟರು ತಲೆ ಹಿಡಿದುಕೊಂಡು ನನ್ನನ್ನು ಮೂಕನ ಪಾರ್ಟಿಗೆ ಬದಲಿಸಿದ. ಮರುದಿನ ಕಥೆ ಬರೆಯುವವನು ಕೇಳಿದ: "ಮೂಕ ಇದ್ದು ಮಾಡೋದೇನು?" ಸಂಜೆಯೊಳಗೆ ನನ್ನನ್ನು ಬಾವಿಗೆ ನೂಕಿದರು. ನೂಕುವಾಗ ಕೂಗೋಣವೆಂದರೆ, ನಾನು ಮೂಕ.

ಹಾರ ಹಾಕಿದ ಫೋಟೋ

ಇದು ಕಾಗವಾಡದ ಒಂದು ದೊಡ್ಡ ಮನೆಯಲ್ಲಿ ಶೂಟಿಂಗ್ ನಡೆದಾಗಿನದು. ಹೋದ ಕೂಡಲೇ ನನ್ನ ಫೋಟೋ ತೆಗೆದು, ಚೌಕಟ್ಟು ಕಟ್ಟಿಸಿ, ಹಾರ ಹಾಕಿ ಇಟ್ಟರು. ಸತ್ತ ಮೇಲೆ ಗೋಡೆಗೆ ಹಾಕಲು! ಫೋಟೋನೇ ಇಲ್ಲದಿದ್ದರೆ ಹೇಗೆ ಸಾಯಿಸುತ್ತಾರೋ ನೋಡೋಣವೆಂದು ಅದನ್ನು ಎತ್ತಿ ಆ ಮನೆಯ ಜೋಳದ ಕಣಜದಲ್ಲಿ ಹುಗಿದೆ.

ಅವರೇನೂ ಅಂಜಲಿಲ್ಲ. ಫೋಟೋ ಇಲ್ಲದೆಯೇ ಸಾಯಿಸಿದರು.

ವರ್ಷ ಕಳೆದು ಆ ದಾರಿಯಲ್ಲಿ ಹೋಗುವಾಗ ಮನೆಯೊಳಗೆ ಇಣುಕಿದೆ. ಪಡಸಾಲೆಯ ಗೋಡೆಯ ಮೇಲೆ ಹಿರಿಯರ ಸಾಲಿನಲ್ಲಿ ನಾನೂ ಇದ್ದೇನೆ! ಹೊಸ ಹಾರ, ಕುಂಕುಮ, ಮುಂದೆ ಊದಿನಕಡ್ಡಿ. ಜೋಳ ತೆಗೆಯುವಾಗ ಆ ಮನೆಯ ಮುದುಕಿ ಆಯಿಗೆ ಫೋಟೋ ಸಿಕ್ಕಿತ್ತಂತೆ. "ಯಾರೋ ನಮ್ಮ ಹಿರ್‍ಯಾರ ಇರಬೇಕು, ಜ್ವಾಳದಾಗ ಬಂದಾರ" ಎಂದು ಏರಿಸಿದ್ದಳು. ಹುಳ ಬೀಳದೆ ಜೋಳ ನಿಂತದ್ದೂ ಅವರಿಂದಲೇ ಅಂತೆ. ನಾನು ಫೋಟೋದ ಕೆಳಗೇ ಹೋಗಿ ನಿಂತು, "ಆಯಿ, ಚಂದಾಗಿ ನೋಡು, ಯಾರು?" ಅಂದೆ.

ಆಯಿ ಮೇಲೆ ನೋಡಿದಳು, ಕೆಳಗೆ ನೋಡಿದಳು. "ನಿಮ್ಮಣ್ಣಾರೇನ್ರಿ? ಖರೆ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಸತ್ತವರ ಮಾರಿಮ್ಯಾಲ ಇದ್ದ ಕಳೆ ನಿಮಗಿಲ್ಲ."

ಕಡೆಗೂ ಬದುಕಿದೆ

ಹೋದ ವರ್ಷ ಒಬ್ಬ ಹೊಸ ಡೈರೆಕ್ಟರು ಬಂದ. ಜಡ್ಡು ಬಿದ್ದ ಮುದುಕನ ಪಾರ್ಟು, ಮೊದಲ ಸೀನಿನಿಂದ ಕೊನೆಯ ಸೀನಿನವರೆಗೆ ಹೊರಸಿನ ಮೇಲೆ ಮಲಗಿರುವುದು. ನಾನು ಕಥೆಯ ಕೊನೆಯ ಹಾಳೆ ಮೊದಲು ಓದಿದೆ. ಮುದುಕ ಸೊಸೆಯ ಕೈಯಿಂದ ಗಂಜಿ ಕುಡಿದು ನಗುತ್ತಾನೆ, ಮುಗಿಯಿತು. ಆ ಹಾಳೆಯ ಮೇಲೆ ಡೈರೆಕ್ಟರನ ಸಹಿ ಹಾಕಿಸಿಕೊಂಡೆ.

ಪಿಕ್ಚರ್ ಅಥಣಿಗೆ ಬಂತು. ಮ್ಯಾಟಿನಿಗೆ ಹೆಂಡತಿಯನ್ನು ಕರೆದುಕೊಂಡು ಹೋಗಿ, ನಾನು ತಲೆಗೆ ಟಾವೆಲ್ ಸುತ್ತಿಕೊಂಡು ಆಕೆಯ ಪಕ್ಕ ಕೂತೆ.

ತೆರೆಯ ಮೇಲೆ ಕೆಮ್ಮಿದೆ. ಹಿಂದಿನ ಸಾಲಿನವನು ಗೆಳೆಯನಿಗೆ ಹೇಳಿದ, "ಹ್ವಾದ ನೋಡ." ಹೋಗಲಿಲ್ಲ. ಬಿಕ್ಕಳಿಸಿದೆ. "ಈ ಬಿಕ್ಕಿಗೆ ಪಕ್ಕಾ." ಹೋಗಲಿಲ್ಲ. ಇಂಟರ್ವಲ್ ಆಯಿತು. ಹೆಂಡತಿ ಅಭ್ಯಾಸಬಲದಿಂದ ಚೀಲ ಎತ್ತಿಕೊಂಡಳು. "ಕೂಡ, ನಾ ಇನ್ನೂ ಅದೀನಿ" ಅಂದೆ. ಕೂತಳು. ಮುಂದಿನ ಸಾಲಿನ ಹೆಣ್ಣುಮಕ್ಕಳು ಸೆರಗಿನ ತುದಿ ಕಣ್ಣಿಗೆ ಒತ್ತಿ ತಯಾರಾಗಿಯೇ ಇದ್ದರು. ಕೊನೆಗೆ ಗಂಜಿ ಕುಡಿದೆ, ನಕ್ಕೆ, ದೀಪ ಹತ್ತಿತು.

ಯಾರೂ ಏಳಲಿಲ್ಲ. ಇಡೀ ಥೇಟರು ಆಪರೇಟರನ ಕಿಟಕಿಯತ್ತ ತಿರುಗಿತು.

"ಏ! ಮುದುಕ ಸಾಯೂದನ್ನ ಯಾಕ ಕಟ್ ಮಾಡೀ?"

"ಎರಡೂವರೆ ತಾಸಿಂದ ಅಳಾಕ ಕುಂತೀವಿ! ಹಾಕ ಅದನ್ನ!"

ಆಪರೇಟರು ಕಿಟಕಿಯಿಂದ ತಲೆ ಹಾಕಿದ. "ಯಪ್ಪಾ, ಇದ್ದದ್ದ ಇಷ್ಟ! ನನ್ನ ಬಿಡ್ರಿ. ಆ ಮುದುಕನೇ ತಲಿಗೆ ಟಾವೆಲ್ಲ ಸುತಗೊಂಡ ಅಲ್ಲೇ ಕುಂತಾನ, ಅವನ್ನ ಕೇಳ್ರಿ!"

ನಾನು ಕುರ್ಚಿಯ ಮೇಲೆ ಹತ್ತಿ ಎರಡೂ ಕೈ ಎತ್ತಿದೆ. "ಅಣ್ಣಾರ, ಅಕ್ಕಾರ, ಕಥೀನ ಹಂಗೈತ್ರಿ. ನನಗೇನೂ ಆಗಿಲ್ಲ, ಗಟ್ಟಿ ಅದೀನಿ!"

"ಅದ ನಮ್ಮ ತಕರಾರು!" ಎಂದು ಬಾಲ್ಕನಿಯಿಂದ ಒಬ್ಬ ಕೂಗಿದ.

ನಾನೂ ಬಿಡಲಿಲ್ಲ. ಇಪ್ಪತ್ತೈದು ವರ್ಷದ ಸಾವುಗಳು, ವೀರಭದ್ರನ ಆಣೆ, ಡೈರೆಕ್ಟರನ ಸಹಿ, ಎಲ್ಲ ಹೇಳಿದೆ. ಸತ್ತರೂ ಸಾಯುವುದಿಲ್ಲ ಅಂದೆ. ಕೂಗು ಜೋರಾಯಿತು. ಮ್ಯಾನೇಜರು ಓಡಿಬಂದು ಕಾಲು ಹಿಡಿದ: ಹೊರಗೆ ಮುಂದಿನ ಶೋದ ಜನ ನಿಂತಿದ್ದಾರೆ, ಇವರು ಏಳುತ್ತಿಲ್ಲ, ತೆರೆಯ ಮುಂದೆ ಎರಡೇ ಎರಡು ನಿಮಿಷ...

ದಿಕ್ಕು ತೋಚದೆ ಹೆಂಡತಿಯ ಕಡೆ ನೋಡಿದೆ. ಆಕೆ ಚೀಲವನ್ನು ತೊಡೆಯಿಂದ ಕೆಳಗಿಳಿಸಿ, ಕಾಲು ಮೇಲೆ ಮಾಡಿ, ಚಕ್ಕಳಮಕ್ಕಳ ಹಾಕಿ ಕೂತಳು.

"ಹೋಗ್ರಿ, ಮಂದಿ ಅಷ್ಟು ಆಸೆ ಮಾಡಾಕತ್ತೈತಿ. ಒಮ್ಮೆ ಸತ್ತ ಬರ್ರಿ. ನಾ ಎಲ್ಲೂ ಹೋಗಂಗಿಲ್ಲ."