ಚೇರ್ಮನ್ನರ ಕುರ್ಚಿಯಲ್ಲಿ ಆಫ್ರಿಕಾದ ರಾಜ

ನಮ್ಮ ಕಡೆ ಇಂಥವು ಆಗುತ್ತಲೇ ಇರುತ್ತವೆ. ಯಾರನ್ನು ಚುಚ್ಚಲು ಹೋಗುತ್ತೇವೋ ಅವರೇ ಮೊದಲು ಚಪ್ಪಾಳೆ ತಟ್ಟುತ್ತಾರೆ.

ಎಪ್ಪತ್ತರ ದಶಕದ ಕೊನೆ. ಬಿ.ಎಸ್ಸಿ. ಮುಗಿಸಿ ಜೇವರ್ಗಿ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಊರಿಗೆಲ್ಲ ನೀರು ಕೊಡುತ್ತಿದ್ದ ಬೋರಿಂಗ್ ಕೆಟ್ಟು ಒಂದು ಬೇಸಿಗೆ ಕಳೆದಿತ್ತು. ಅರ್ಜಿಗಳು ಸೋತವು. ನಾಟಕ ಆಡಿದರೆ ಪಂಚಾಯಿತಿ ಚೇರ್ಮನ್ನರಿಗೆ ನಾಚಿಕೆಯಾದೀತು, ರಿಪೇರಿ ಮಾಡಿಸಿಯಾರು ಎಂದುಕೊಂಡೆ.

ಓದು

ಆಫ್ರಿಕಾದ ನಾಟಕವೊಂದನ್ನು ಕನ್ನಡಕ್ಕೆ ತಂದೆ. ಬಿಳಿಯ ಅಧಿಕಾರಿ ದೇಶ ಬಿಟ್ಟು ಹೋಗುತ್ತಾನೆ. ಅದೇ ಕುರ್ಚಿಯಲ್ಲಿ ನಾಡಿನವನೊಬ್ಬ ರಾಜನಾಗಿ ಕೂರುತ್ತಾನೆ. ಹೊಳೆಯ ದೇವಿ ಬಂದು, 'ನನ್ನ ನೀರೆಲ್ಲಿ?' ಎಂದು ಕೇಳಿ ಶಪಿಸುತ್ತಾಳೆ.

ದೇವಿಯ ಪಾತ್ರ ಊರಿನ ದರ್ಜಿಯದು. ಓದಿ ಮುಗಿಸಿದಾಗ ಕೇಳಿದ: "ಇದು ಖರೇನ ಆಫ್ರಿಕಾದವ್ರು ಬರದದ್ದೇನ್ರಿ ಸರ?"

"ಹೌದು."

"ಅವರಿಗೆ ನಮ್ಮೂರ ಸುದ್ದಿ ಯಾರ್ ಹೇಳಿದ್ರು?"

ಅನುಮತಿ

ಚೇರ್ಮನ್ನರು ಕಥೆ ಕೇಳಿ, "ಆ ರಾಜಗೂ ನಮಗೂ ಏನೂ ಸಂಬಂಧ ಇಲ್ಲಲ್ಲ?" ಎಂದರು.

"ಇಲ್ರಿ."

"ಹಂಗಾದ್ರ ಮಾಡ್ರಿ. ಸಿಂಹಾಸನಕ್ಕ ನನ್ನ ಕುರ್ಚಿನ ಒಯ್ರಿ. ಮಂದಿಗೆ ಖರೇ ಅನಸ್ತದ."

ಬಣ್ಣ

ಬಿಳಿಯನ ಪಾತ್ರವೂ ರಾಜನ ಪಾತ್ರವೂ ಹಿಟ್ಟಿನ ಗಿರಣಿಯವನದೇ. "ಬಿಳಿಯಗ ಗಿರಣಿಯಿಂದ ಸೀದಾ ಬರ್ತೇನಿ. ರಾಜಗ ಮುಖ ತೊಳಕೊಂಡ್ರ ಮುಗೀತು" ಎಂದಿದ್ದ. ಆಟದ ದಿನ ಬಿಳಿಯ ದೇಶ ಬಿಟ್ಟ. ತೊಳೆಯಲು ನೀರಿರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೂ ಅದೇ ಹಿಟ್ಟಿನ ಮುಖವೇ ಬಂದು ಕುರ್ಚಿಯಲ್ಲಿ ಕೂತಿತು.

ಆಹೇರಿ

ಆಟದ ನಡುವೆ ರಂಗ ಹತ್ತಿ ನಟರಿಗೆ ಉಡುಗೊರೆ ಕೊಡುವುದನ್ನು ನಮ್ಮಲ್ಲಿ ಆಹೇರಿ ಎನ್ನುತ್ತಾರೆ. ಚೇರ್ಮನ್ನರು ಹತ್ತಿ ಬಂದರು. ರಾಜನಿಗೆ ರುಮಾಲು ಸುತ್ತಿ, "ಏಳಲೇ, ಒಂದು ಫೋಟೋ ಹೊಡೀಲಿ" ಎಂದು ತಾವೇ ಕುರ್ಚಿಯಲ್ಲಿ ಕೂತರು.

ಅಷ್ಟರಲ್ಲಿ ದೇವಿಯ ಪ್ರವೇಶ. ಅವಳು ಹೇಳಬೇಕಿದ್ದ ಶಾಪ: 'ಈ ಕುರ್ಚಿಯಲ್ಲಿ ಕೂತವನ ಬಾಯಿ ಒಣಗಲಿ!'

ಬೇಸಿಗೆಯುದ್ದಕ್ಕೂ ನಾನು ಬಯಸಿದ ಗಳಿಗೆ ತಾನಾಗಿ ಬಂದಿತ್ತು. ಪರದೆಯ ಹಿಂದಿನಿಂದ ಮಾತು ಹೇಳಿಕೊಟ್ಟೆ. ಮತ್ತೆ ಹೇಳಿಕೊಟ್ಟೆ. ದರ್ಜಿ ಚೇರ್ಮನ್ನರನ್ನು ನೋಡಿದ. ತ್ರಿಶೂಲ ಬದಿಗಿಟ್ಟು ಕೈಮುಗಿದ.

"ಈ ಕುರ್ಚ್ಯಾಗ ಕುಂತಾವ್ರು ನೂರು ವರ್ಷ ಇಲ್ಲೇ ಕುಂದರ್ಲಿ!"

"ಒನ್ಸ್ ಮೋರ್!" ಎಂದರು ಮಂದಿ. ಬೆಳಗಾದರೆ ಕೊಡ ಹೊತ್ತು ಹೊಳೆಗೆ ನಡೆಯಬೇಕಾದ ಹೆಂಗಸರೂ ಕೂಗಿದರು. ದರ್ಜಿ ಮತ್ತೊಮ್ಮೆ ಹರಸಿದ. ಅವನಿಗೂ ಆಹೇರಿಯಾಯಿತು.

ಒಳಗೆ ಬಂದವನು ಗೋಡೆಗೆ ಒರಗಿದ. "ಸರ, ಬಾಯಿ ಒಣಗೇದ. ಒಂಚೂರು ನೀರು ಕೊಡ್ರಿ."

ಶಾಪ ತಟ್ಟಿತ್ತು. ದೇವಿಗೇ.