ಮಹಾರಾಜರ ಹಾಸಿಗೆ
ಪರದೇಶದ ಅರಮನೆಗಳನ್ನು ನೋಡಲು ಹೊರಡುವ ಹಿಂದಿನ ದಿನ ಹುಲಿ ಸಾಹೇಬರು ಹೆಂಡತಿಗೆ ಅಭಯ ಕೊಟ್ಟರು.

"ನೀನು ಯಾವುದಕ್ಕೂ ಹೆದರಬೇಡ. ಅಲ್ಲಿ ಏನೇ ಆಪತ್ತು ಬರಲಿ, ಮೊದಲು ನನ್ನನ್ನ ದಾಟ್ಕೊಂಡು ಬರಬೇಕು. ನಿನ್ನ ಒಂದು ಕೂದಲೂ ಕೊಂಕದ ಹಾಗೆ ವಾಪಸ್ ಕರ್ಕೊಂಡು ಬರ್ತೀನಿ."

ಸಾಹೇಬರು ತೆರಿಗೆ ಇಲಾಖೆಯ ಅಧಿಕಾರಿ. ಕಚೇರಿಯಲ್ಲಿ ಅವರಿಗೆ 'ಹುಲಿ' ಎಂಬ ಅಡ್ಡಹೆಸರಿತ್ತು. ಅದನ್ನು ಮೊದಲು ಹಬ್ಬಿಸಿದವರು ಯಾರೆಂದು ಹುಡುಕುತ್ತ ಹೋದರೆ ದಾರಿ ಸುತ್ತಿ ಸುತ್ತಿ ಸಾಹೇಬರ ಮೇಜಿನ ಬಳಿಗೇ ಬಂದು ನಿಲ್ಲುತ್ತಿತ್ತು. ಹೆಂಡತಿ ದೊಡ್ಡಾಸ್ಪತ್ರೆಯಲ್ಲಿ ಹೆಡ್ ನರ್ಸ್. ಸುಕ್ಕುಬಿದ್ದ ಹಾಸಿಗೆಯನ್ನು ಕಂಡರೆ ಆಕೆಗೆ ಮೈಯೆಲ್ಲ ಮುಳ್ಳು. ಆಕೆ ಹೊದಿಕೆಯ ಅಂಚನ್ನು ಮಡಿಸಿ ಹಾಸಿಗೆಯಡಿ ಸಿಕ್ಕಿಸಿದರೆಂದರೆ ಜೋಡೆತ್ತು ಕಟ್ಟಿ ಎಳೆದರೂ ಬರುವುದಿಲ್ಲ ಎಂದು ಹೊಸ ನರ್ಸುಗಳು ಪಿಸುಗುಟ್ಟುತ್ತಿದ್ದರು.

ಅರಮನೆಯ ಬಾಗಿಲಲ್ಲೇ ಹುಲಿಯ ಅರ್ಧ ಗರ್ಜನೆ ಇಳಿಯಿತು. ಅಲ್ಲಿನ ಫಲಕದಲ್ಲಿ ಮುಟ್ಟಿದರೆ ದಂಡ, ಕೆಡಿಸಿದರೆ ಜೈಲು ಎಂದು ಬರೆದಿತ್ತು. ಒಳಗೆ ಕೋಣೆಗೊಬ್ಬ ಕಾವಲುಗಾರ, ಮೂಲೆಗೊಂದು ಕ್ಯಾಮೆರಾ. ಗೋಡೆಯ ಮೇಲಿನ ಸತ್ತ ರಾಜರೆಲ್ಲ ತಮ್ಮನ್ನೇ ದುರುಗುಟ್ಟಿ ನೋಡುತ್ತಿದ್ದಾರೆ ಎನ್ನಿಸಿ ಸಾಹೇಬರ ಬೆನ್ನು ಬೆವರಿತು. ಕೈಗಳು ಅಪ್ಪಿತಪ್ಪಿ ಎಲ್ಲಾದರೂ ತಾಗಿಬಿಟ್ಟಾವೆಂದು ಎರಡನ್ನೂ ಪ್ಯಾಂಟಿನ ಜೇಬಿಗೆ ತುರುಕಿಕೊಂಡೇ ನಡೆದರು.

ಹಾಗೇ ಮಹಾರಾಜರ ಮಲಗುವ ಕೋಣೆಗೆ ಬಂದರು. ಕಾವಲುಗಾರ ಪಕ್ಕದ ಕೋಣೆಯಲ್ಲಿ ಯಾರನ್ನೋ ಗದರಿಸಲು ಹೋಗಿದ್ದ. ಸಾಹೇಬರು ಬಾಗಿಲ ಬಳಿಯ ಫಲಕ ಓದತೊಡಗಿದರು. ಕೊನೆಯ ಮಹಾರಾಜರು ಒಂದು ಮುಂಜಾನೆ ಈ ಹಾಸಿಗೆಯಿಂದೆದ್ದು ಯುದ್ಧಕ್ಕೆ ಹೋದವರು ತಿರುಗಿ ಬರಲಿಲ್ಲವಂತೆ. ಅವರು ಒದ್ದು ಸರಿಸಿದ ಹೊದಿಕೆ, ತಲೆಯ ಗುಳಿ ಬಿದ್ದ ದಿಂಬು, ಎಲ್ಲವನ್ನೂ ಅಂದಿನಿಂದ ಹಾಗೆಯೇ ಕಾಪಾಡಿಕೊಂಡು ಬಂದಿದ್ದಾರಂತೆ. ಓದಿ ಮನಸ್ಸು ಕರಗಿ, ಹೆಂಡತಿಗೆ ಹೇಳೋಣವೆಂದು ಸಾಹೇಬರು ತಿರುಗಿದರು.

ಹೆಂಡತಿ ಮಂಚದ ಸುತ್ತ ಅಡ್ಡ ಕಟ್ಟಿದ್ದ ಹಗ್ಗದ ಆಚೆ ಇದ್ದರು. ಹೊದಿಕೆ ತಮಟೆಯಂತೆ ಬಿಗಿದು ಕೂತಿತ್ತು. ಆಕೆ ದಿಂಬನ್ನು ತಟ್ಟಿ ತಟ್ಟಿ ಉಬ್ಬಿಸುತ್ತಿದ್ದರು.

"ಇಷ್ಟು ದೊಡ್ಡ ಅರಮನೆ," ಎಂದರು ಆಕೆ, "ಹಾಸಿಗೆ ಸರಿಮಾಡೋಕೆ ಒಬ್ಬರಿಗೂ ಕೈ ಬಂದಿಲ್ಲ ನೋಡಿ."

ಸಾಹೇಬರು ಫಲಕದಲ್ಲಿದ್ದುದನ್ನು ತೊದಲುತ್ತ ಹೇಳಿದರು. ಆಕೆಯ ಮುಖವೂ ಬಿಳುಚಿತು. ವಾರ್ಡಿನ ಅಭ್ಯಾಸ, ಕೈ ತಾನಾಗಿ ಹೋಯಿತು ಎಂದರು. ಅಷ್ಟರಲ್ಲಿ ಸಾಹೇಬರ ಕಣ್ಣ ಮುಂದೆ ಬೇಡಿ ತೊಟ್ಟ ಹೆಂಡತಿ, ಕಬ್ಬಿಣದ ಸರಳು, ವಿಮಾನದಲ್ಲಿ ಪಕ್ಕದ ಖಾಲಿ ಸೀಟು, ನಿಲ್ದಾಣದಲ್ಲಿ "ನನ್ನ ಮಗಳೆಲ್ಲಿ?" ಎಂದು ಕೇಳುವ ಅತ್ತೆ, ಎಲ್ಲ ಸಾಲಾಗಿ ಬಂದು ನಿಂತವು. ಇವುಗಳಲ್ಲಿ ಅತ್ತೆಯನ್ನು ನೆನೆದೇ ಹೆಚ್ಚು ನಡುಗಿದರು.

ಉಳಿದದ್ದು ಒಂದೇ ದಾರಿ. ಕಾವಲುಗಾರ ಬರುವುದರೊಳಗೆ ಹಾಸಿಗೆಯನ್ನು ಮತ್ತೆ ಕೆದರಬೇಕು. ಸಾಹೇಬರು ಹಗ್ಗ ದಾಟಿ ಹೊದಿಕೆ ಹಿಡಿದು ಎಳೆದರು. ಅಲುಗಲಿಲ್ಲ. ಹಲ್ಲು ಕಚ್ಚಿ ಎಳೆದರು. ಹೆಡ್ ನರ್ಸ್ ಸಿಕ್ಕಿಸಿದ ಅಂಚು, ಬಂದೀತೇ? ಕೊನೆಗೆ ರಾಜಮಂಚದ ಮೇಲೆ ಮಂಡಿಯೂರಿ ಜಗ್ಗಿದ್ದೇ ತಡ, ಅರಮನೆಯ ಎಚ್ಚರಿಕೆಯ ಗಂಟೆಗಳೆಲ್ಲ ಒಟ್ಟಿಗೇ ಕಿರುಚಿಕೊಂಡವು.

ಬಂದ ಕಾವಲುಗಾರ ಬಾಗಿಲಿನಷ್ಟೇ ಅಗಲವಿದ್ದ. ಮಂಚ ನೋಡಿದ, ಮಂಚದ ಮೇಲಿನ ಹುಲಿಯನ್ನು ನೋಡಿದ. ಹರಕುಮುರುಕು ಇಂಗ್ಲಿಷಿನಲ್ಲಿ, ಹಾಸಿಗೆಯನ್ನು ಹೀಗೆ ಮಾಡಿದ್ದು ಯಾರು ಎಂದು ಕೇಳಿದ.

ನಾನೇ ಎನ್ನಬೇಕೆಂದು ಸಾಹೇಬರು ಬಾಯಿ ತೆರೆದರು. ನಾಲಿಗೆ ಅಂಗುಳಿಗೆ ಅಂಟಿತ್ತು. ಆದರೆ ಬಲಗೈ ಮಾತ್ರ ಯಾರನ್ನೂ ಕೇಳದೆ ಮೇಲೆದ್ದು, ತೋರುಬೆರಳು ಚಾಚಿ, ನೇರವಾಗಿ ಹೆಂಡತಿಯನ್ನು ತೋರಿಸಿತು.

ಆಕೆ ಕಾವಲುಗಾರನನ್ನು ನೋಡಲಿಲ್ಲ. ಆ ಬೆರಳನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಮೆಲ್ಲಗೆ, ಹೌದು, ನಾನೇ ಎಂದು ಒಪ್ಪಿಕೊಂಡರು.

ಕಾವಲುಗಾರ ವೈರ್‌ಲೆಸ್ಸಿನಲ್ಲಿ ಏನೋ ಹೇಳಿ ಬಾಗಿಲಿಗೆ ಅಡ್ಡ ನಿಂತ. ಪೊಲೀಸರೇ ಬರುತ್ತಾರೆಂದು ಸಾಹೇಬರು ನೆನಪಿದ್ದ ದೇವರಿಗೆಲ್ಲ ಮೊರೆಯಿಟ್ಟರು. ಬಂದದ್ದು ಏಪ್ರನ್ ತೊಟ್ಟ ಒಬ್ಬ ಮುದುಕಿ, ಕೈಯಲ್ಲೊಂದು ಫೋಟೊ. ಧೂಳು ಹೊಡೆದಾಗಲೆಲ್ಲ ಫೋಟೊ ನೋಡಿಕೊಂಡು ಮಹಾರಾಜರ ಹಾಸಿಗೆಯನ್ನು ಹಾಗೆಯೇ ಕೆದರಿಡುವುದು ಆಕೆಯ ಕೆಲಸವಂತೆ. ಆಕೆ ಅಂಚು ಎಳೆದಳು, ಬರಲಿಲ್ಲ. ಹೆಂಡತಿಯೇ ಮುಂದೆ ಬಂದು ಎರಡು ಬೆರಳಲ್ಲಿ ಬಿಡಿಸಿಕೊಟ್ಟರು. ಇಬ್ಬರೂ ನಗುನಗುತ್ತ ಹೊದಿಕೆ ಕೆದರಿ, ದಿಂಬಿಗೆ ಗುಳಿ ಹಾಕಿದರು. ಕಾವಲುಗಾರ ಇನ್ನು ಹೋಗಿ ಎಂಬಂತೆ ಕೈಬೀಸಿದ.

ಅಂಗಳಕ್ಕೆ ಬಂದ ಮೇಲೆ ಸಾಹೇಬರಿಗೆ ಹೋದ ಜೀವ ಬಂತು, ಜೊತೆಗೆ ಹೋದ ದನಿಯೂ ಬಂತು. "ನೋಡಿದ್ಯಾ? ನಾನು ಜೊತೆಲಿದ್ದೆ, ಏನೂ ಆಗಲಿಲ್ಲ."

"ಹೂಂ," ಎಂದರು ಹೆಂಡತಿ. ಪ್ರವಾಸ ಮುಗಿಯುವವರೆಗೂ ಅದಕ್ಕಿಂತ ಹೆಚ್ಚು ಮಾತಾಡಲಿಲ್ಲ. ಕಾವಲುಗಾರನಿಗಿಂತ ಆ 'ಹೂಂ'ಗೇ ಸಾಹೇಬರು ಹೆಚ್ಚು ಹೆದರಿದರು.

ಊರಿಗೆ ಮರಳಿದ ಮರುದಿನ ಸ್ನಾನ ಮುಗಿಸಿ ಬಂದು ನೋಡಿದರೆ, ಮಂಚದ ಮೇಲೆ ಆಕೆಯ ಅರ್ಧ ಭಾಗ ಒಂದು ಸುಕ್ಕಿಲ್ಲದೆ ಬಿಗಿದಿತ್ತು. ಸಾಹೇಬರ ಅರ್ಧ ಎದ್ದಾಗ ಹೇಗಿತ್ತೋ ಹಾಗೇ ಮುದ್ದೆಯಾಗಿ ಬಿದ್ದಿತ್ತು. ಇದನ್ನೂ ಸ್ವಲ್ಪ ಸರಿಮಾಡಿಬಿಡು ಎಂದು ಅವರು ಅಂಗಲಾಚಿದರು.

ಡ್ಯೂಟಿಗೆ ಹೊರಟಿದ್ದ ಹೆಂಡತಿ ಚಪ್ಪಲಿ ಮೆಟ್ಟುತ್ತ ಹೇಳಿದರು: "ನಾನಂತೂ ಮುಟ್ಟಲ್ಲಪ್ಪ. ನಾಳೆ ಯಾರಾದ್ರೂ ಬಂದು ಯಾರು ಮಾಡಿದ್ದು ಅಂತ ಕೇಳಿದ್ರೆ? ನಿಮ್ಮ ಬೆರಳಿಗೆ ದಾರಿ ಗೊತ್ತಿದೆ."